ಮುಳುಗೋ ಹೊಲಕ್ಕ ಒಂದು ಢಂ

ಜಮಖಂಡ್ಯಾಗ ಬಂದೂಕು ರಿಪೇರಿ ಅಂಗಡಿ ಇಟ್ಟವನಿಗೆ ನಗಿ ಬರೋ ಸಂಗತಿ ದಿನಕ್ಕೊಂದು ಸಿಗತಾವ. ಹೇಳಿ ಹೇಳಿ ಮಂದೀನ ನಗಿಸಿದ್ದೇನಿ. ಬೀಳಗಿ ಕಡೆ ಮುದುಕನ ಕಥಿ ಹೇಳುವಾಗ ಮಾತ್ರ ಇವತ್ತಿಗೂ ತಲಿ ತಗ್ಗಸತೇನಿ.

೧. ಕುಂಕುಮ

ಮುದುಕಂದು ನಳಗಿ ಬಾಯಿಂದ ಮದ್ದು ತುಂಬೋ ಹಳೇ ಬಂದೂಕು. ಗುಂಡು ಹಾಕ್ತಿರಲಿಲ್ಲ. ಮದ್ದು ಸುರುವಿ, ಮ್ಯಾಲ ಸೀರಿ ಚಿಂದಿ ಜಡದು, ತೂತಿನ ಮ್ಯಾಲ ಕಿಡಿ ಹಾರಸೋ ಕೇಪು ಇಟ್ಟು ಢಂ ಅನಿಸಿದರ ಜ್ವಾಳದಾಗಿನ ಹಂದಿ ಓಡತಿದ್ದವು. ಈಗ ಆಣೆಕಟ್ಟಿನ ಹಿನ್ನೀರು ಆ ಹೊಲಕ್ಕ ಬರೂದಿತ್ತು. ಹೊಲ ಹೋದರ ಬೆಳಿ ಕಾಯಾಕ ಕೊಟ್ಟ ಲೈಸೆನ್ಸೂ ಹೋತು, ಬಂದೂಕು ಕಚೇರಿಗೆ ಒಪ್ಪಸಬೇಕು.

"ಒಪ್ಪಸೂದ್ರಾಗ ಹೊಲದಾಗ ನಿಂತು ಒಂದ ಸಲ ಹಾರಸಬೇಕ್ರಿ. ನಮ್ಮಪ್ಪ ಕಾದ ಹೊಲ. ಸುಮ್ಮನ ಹ್ಯಾಂಗ ಬಿಟ್ಟು ಬರ್ಲಿ? ಆದ್ರ ಇದು ಹಾರವಲ್ದು" ಅಂದ.

ಬಿಚ್ಚಿ ನೋಡಿದರ ಕಿಡಿ ಒಳಗ ಹೋಗೋ ತೂತಿನ ತುಂಬ ಕುಂಕುಮ! ಖಂಡೇನವಮಿ ಆಯುಧ ಪೂಜಾಕ್ಕ ಅವನ ಮುದುಕಿ ಹಚ್ಚಿದ್ದು.

"ಎಷ್ಟು ವರ್ಷದಿಂದ ಹಚ್ಚಾಕತ್ತಾಳ?"

"ಲಗ್ನ ಆದಾಗಿಂದ್ರಿ. ಮೊದಲ ಒಂದು ಚುಕ್ಕಿ ಇಡತಿದ್ಲು. ಕಣ್ಣು ಮಂಜಾದಾಗಿಂದ, ದೇವರಿಗೆ ಕಡಿಮಿ ಬೀಳಬಾರದಂತ ಮುಷ್ಟಿಗಟ್ಟಲೆ ಒತ್ತತಾಳ."

೨. ಮಗ್ಗದ ಸ್ಪ್ರಿಂಗು

ಕುಂಕುಮ ಕೆದರಿ ತಗದು ಕೊಟ್ಟಿದ್ದೆ. ತಿಂಗಳಾಗೂದ್ರಾಗ ತಿರುಗಿ ಬಂದ. ರಬಕವ್ಯಾಗ ಪವರ್‌ಲೂಮ್ ಇಟ್ಟ ಅವನ ಅಳಿಯ, ಸ್ಪ್ರಿಂಗ್ ಸಡಲಾಗೇತಿ ಅಂತ ಮಗ್ಗದ ಸ್ಪ್ರಿಂಗ್ ಹಾಕಿ ಕೊಟ್ಟಿದ್ದ. ನಾ ಎರಡು ಬೆರಳು ಹಾಕಿ ಟ್ರಿಗರ್ ಜಗ್ಗಿದೆ. ಮಿಸುಗಲಿಲ್ಲ.

"ನೀ ಹ್ಯಾಂಗ ಜಗ್ಗಿದ್ಯೋ ಅಜ್ಜಾ?"

"ನಾ ಬಂದೂಕು ಹಿಡದೆರಿ, ಮುದುಕಿ ಟ್ರಿಗರ್ ಜಗ್ಗಿದ್ಲು. ಹಂದಿ ಓಡೂದ ಬಿಟ್ಟು ನಿಂತು ನೋಡಿದವ್ರಿ."

ಸ್ಪ್ರಿಂಗ್ ಬದಲಿಸಿ ಜಂಬ ಕೊಚ್ಚಿದೆ: "ಇನ್ನ ಹಾರಲಿಲ್ಲಂದ್ರ ನನ್ನ ಅಂಗಡಿ ಬೋರ್ಡ್ ಕಿತ್ತು ಒಗಿ. ಬಂದೂಕು ಒಪ್ಪಸೋ ದಿನ ನಾನ ಬಂದು ತುಂಬಿ ಕೊಡತೇನಿ."

೩. ಆ ದಿನ

ಹೋದೆ. ಅರ್ಧ ಹೊಲ ನೀರಾಗಿತ್ತು. ಸಂಜಿ ಐದರೊಳಗ ಬಂದೂಕು ಬೀಳಗಿ ಕಚೇರ್ಯಾಗ ಇರಬೇಕು. ನೋಡಾಕ ಊರ ಮಂದಿ ನೆರೆದಿತ್ತು. ನಾ ನಳಗಿ ಒರಸೂದ್ರಾಗ ಮುದುಕಿ ಚಿಂದಿ ತಂದು ಕೊಟ್ಟು, "ನನ್ನ ಲಗ್ನದ ಸೀರೀದ್ರಿ" ಅಂತ ಅತ್ತುಬಿಟ್ಟಳು. ನನ್ನ ಕಣ್ಣೂ ತುಂಬಿದವು. ಚಿಂದೀನ ಗಟ್ಟಿ ಜಡದು, ಕೇಪು ಇಟ್ಟು, ಮುದುಕನ ಕೈಯಾಗ ಕೊಟ್ಟೆ.

ಟಪ್. ಕೇಪಷ್ಟ ಸಿಡೀತು. ಇನ್ನೊಂದು ಕೇಪು. ಟಪ್.

"ಈ ಸಲ ನಾ ಏನೂ ಹಚ್ಚಿಲ್ಲೋ ಯಪ್ಪಾ!" ಅಂತ ಮುದುಕಿ ಚೀರಿದಳು.

ಕಿಸೆ ಮುಟ್ಟಿ ನೋಡಿಕೊಂಡೆ. ಅಯ್ಯ ದೇವರ! ಮದ್ದಿನ ಪೊಟ್ಟಣ ಅಲ್ಲೇ ಇತ್ತು. ಬರೇ ಚಿಂದಿ ಜಡದಿದ್ದೆ. ಅದನ್ನ ಹೊರಗ ಎಳಿಯೋ ಸಲಾಕಿ ಜಮಖಂಡಿ ಅಂಗಡ್ಯಾಗ ಉಳದಿತ್ತು.

"ತಪ್ಪಾತೋ ಅಜ್ಜಾ" ಅಂದೆ. ಮುದುಕ ನೀರಿನ ಕಡೆ ಬಂದೂಕು ಏರಿಸಿ, ತಾನ ಬಾಯಿಲೆ "ಢಂ!" ಅಂತ ಒದರಿದ. ದಂಡಿ ಮ್ಯಾಲಿನ ಕೊಕ್ಕರಿ ಎದ್ದು ಹಾರಿದವು. ಯಾರೂ ನಗಲಿಲ್ಲ.

ಕಚೇರ್ಯಾಗ ಗುಮಾಸ್ತ ಕೇಳಿದ, "ಬಂದೂಕಿನ್ಯಾಗ ಏನಾರ ತೊಂದ್ರಿ ಐತೇನಜ್ಜಾ?"

"ಬಂದೂಕಿನ್ಯಾಗ ಏನಿಲ್ರಿ" ಅಂತ ಮುದುಕ ನನ್ನ ಕಡೆ ಬೊಟ್ಟು ಮಾಡಿದ. "ತೊಂದ್ರಿ ಇಲ್ಲಿ ನಿಂತೈತಿ. ಇದನ್ನೂ ಜಮಾ ಮಾಡ್ಕೋರಿ."