ಮನೆ ಬಾಡಿಗೆಗಿದೆ, ನಿಮ್ಮ ಇಷ್ಟದ ತಿಂಡಿ ಯಾವುದು?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವನಿಗೆ ಗುಟ್ಟು ಅನ್ನುವುದೇ ಇರಬಾರದು. ಹೆಣ್ಣು ಕೊಡುವಾಗ ನಮ್ಮ ಮಾವನವರೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ. ನಾವಿದ್ದ ಮನೆಗೆ ಓನರ್ ಮಗಳು ಬರುತ್ತಾಳಂತೆ, ತಿಂಗಳ ಕೊನೆಗೆ ಖಾಲಿ ಮಾಡಲೇಬೇಕಿತ್ತು. ಆ ಮೂರು ವಾರ ನೆನೆದರೆ ಈಗಲೂ ಮೈ ಉರಿಯುತ್ತದೆ.

ಗೇಟಿನ ಹೊರಗೆ

ಮೊದಲ ಮನೆ ಆರ್.ಟಿ. ನಗರದಲ್ಲಿ. ಓನರ್ ಗೇಟಿನ ಒಳಗೆ, ನಾನೂ ನನ್ನ ಹೆಂಡತಿಯೂ ಹೊರಗೆ, ಬಿಸಿಲಲ್ಲಿ.

“ಮಾಂಸ, ಮೊಟ್ಟೆ ತಿಂತೀರಾ?”

“ಛೆ ಛೆ” ಅಂತ ಹಸಿ ಸುಳ್ಳು ಹೇಳಿದೆ.

“ಈರುಳ್ಳಿ, ಬೆಳ್ಳುಳ್ಳಿ?”

“ಅದನ್ನೂ ಬಿಟ್ಟಾಯ್ತು ಸಾರ್.” ಮನೆ ಬೇಕಲ್ಲ!

“ಕೆಲಸ ಎಲ್ಲಿ?”

“ಯಶವಂತಪುರದಲ್ಲಿ. ಮಂಡಿ ಗುಮಾಸ್ತ.”

“ಏನ್ ಮಂಡಿ?”

ಹೆಂಡತಿ ನನ್ನ ಮುಖ ನೋಡಿದಳು. “ಈರುಳ್ಳಿ ಮಂಡಿ” ಅಂದೆ.

ಆ ಮನುಷ್ಯ ಮೂಗು ಮುಚ್ಚಿಕೊಂಡು ಒಳಗೆ ನಡೆದ. ನಾವು ಗೇಟಿನ ಹೊರಗೇ ಇದ್ದದ್ದರಿಂದ ‘ಹೊರಗೆ ಹೋಗಿ’ ಅನ್ನುವ ಕಷ್ಟ ಅವನಿಗಿರಲಿಲ್ಲ.

ಕೆಂಪು ಇಂಕು

ಯಲಹಂಕದ ಓನರ್ ನಿವೃತ್ತ ಮೇಷ್ಟ್ರು. ಎರಡು ಪುಟದ ಜೆರಾಕ್ಸ್ ಕೊಟ್ಟು, “ನಿಧಾನವಾಗಿ ಬರೀರಿ” ಅಂದರು. ಏಳುವ ಹೊತ್ತು, ತಿಂಗಳಿಗೆ ಎಷ್ಟು ನೆಂಟರು, ಸ್ನಾನಕ್ಕೆ ಎಷ್ಟು ಬಕೆಟ್ ನೀರು, ಇಷ್ಟದ ದೇವರು, ಇಷ್ಟದ ಬಣ್ಣ, ಇಷ್ಟದ ತಿಂಡಿ. ನಲವತ್ತೈದು ವರ್ಷದ ನಾನು ಅವರ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಪರೀಕ್ಷೆ ಬರೆದೆ. ಹಲ್ಲು ಕಚ್ಚಿಕೊಂಡೇ ಬರೆದೆ.

ಅವರು ಕೆಂಪು ಪೆನ್ನು ತೆಗೆದು ಒಂದು ಕಡೆ ಸುತ್ತು ಹಾಕಿದರು. ಇಷ್ಟದ ತಿಂಡಿ: ಪೂರಿ.

“ಎಣ್ಣೆ ಹೊಗೆಗೆ ಗೋಡೆ ಹಾಳಾಗತ್ತೆ ಕಣ್ರೀ. ಇಡ್ಲಿ ಅಂತ ಬರ್ದಿದ್ರೆ ಪಾಸಾಗ್ತಿದ್ರಿ.”

ಬಂಗಾರದಂಥ ಜನ

ಹೆಬ್ಬಾಳದ ಓನರ್ ನಮ್ಮನ್ನೇನೂ ಕೇಳಲಿಲ್ಲ. “ನಿಮ್ಮ ಈಗಿನ ಓನರ್ ನಂಬರ್ ಕೊಡಿ, ಸಾಕು” ಅಂದ. ನಮ್ಮ ಎದುರಿಗೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

ನಮ್ಮನ್ನು ಸಾಗಹಾಕಿದರೆ ಸಾಕು ಅಂತಿದ್ದ ನಮ್ಮ ಓನರ್ ಶುರು ಮಾಡಿದ. “ಬಂಗಾರದಂಥ ಜನ ಸಾರ್! ಜೋರಾಗಿ ಸೀನೋದೂ ಇಲ್ಲ. ದೇವರಂಥೋರು!” ಹಿಂದಿನ ತಿಂಗಳಷ್ಟೇ ಟ್ಯಾಂಕ್ ನೀರಿಗಾಗಿ ನನ್ನ ಕುತ್ತಿಗೆಪಟ್ಟಿಗೆ ಕೈ ಹಾಕಿದ್ದವನು ಇವನೇ.

ಹೆಬ್ಬಾಳದವನು ಫೋನ್ ಇಟ್ಟು ಕಣ್ಣು ಕಿರಿದು ಮಾಡಿದ. “ಇಷ್ಟ್ ಹೊಗಳ್ತಾರೆ ಅಂದ್ರೆ ಏನೋ ಭಾರೀ ಗಲಾಟೆ ಪಾರ್ಟಿ ನೀವು. ಹೋಗ್ಬನ್ನಿ.”

ಹಸಿರು ಗೇಟು

ಇನ್ನು ಮೂರೇ ದಿನ ಉಳಿದಿತ್ತು. ಕೊಡಿಗೇಹಳ್ಳಿಯಲ್ಲಿ ಹಸಿರು ಗೇಟಿನ ಮನೆ ಅಂತ ಬ್ರೋಕರ್ ಹೇಳಿದ್ದ. ಬಾಗಿಲು ಬಡಿದೆ. ಪಾತ್ರೆ ಹಿಡಿದುಕೊಂಡು ಒಬ್ಬ ಅಜ್ಜಿ ಬಂದು, “ಏನಪ್ಪಾ, ನೀನು...” ಅಂದರು. ಅಷ್ಟೇ. ಪ್ರಶ್ನೆ ಶುರುವಾಯಿತು ಅಂತ ನನ್ನ ಪಿತ್ತ ನೆತ್ತಿಗೇರಿತು.

“ಕೇಳೋದೇ ಬೇಡ, ನಾನೇ ಹೇಳ್ತೀನಿ! ಮೊಟ್ಟೆ ತಿಂತೀವಿ! ಈರುಳ್ಳಿ ಮಂಡಿ ಕೆಲ್ಸ! ಭಾನುವಾರ ಪೂರಿ ಕರೀತೀವಿ! ನೆಂಟರು ಬರ್ತಾರೆ, ಬಂದ್ರೆ ಉಳ್ಕೊತಾರೆ! ಸ್ನಾನಕ್ಕೆ ಎರಡು ಬಕೆಟ್! ಇಷ್ಟದ ಬಣ್ಣ ನೀಲಿ! ಮನೆ ಕೊಟ್ರೆ ಕೊಡಿ, ಇಲ್ದಿದ್ರೆ ಬಿಡಿ!”

ಹೆಂಡತಿ ನನ್ನ ಅಂಗಿ ಜಗ್ಗುತ್ತಲೇ ಇದ್ದಳು. ಅಜ್ಜಿ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರು.

“ಅದೆಲ್ಲಾ ಇರ್ಲಿ ಕಣಪ್ಪ. ಬಾಡ್ಗೆ ಮನೆ ಎದ್ರುಗಡೇದು. ನಾನು ಆಲ್ನೋನು ಬಂದ ಅಂತ ಪಾತ್ರೆ ಇಡ್ಕಂಡು ಬಾಗ್ಲು ತೆಗ್ದೆ.”

ತಿರುಗಿ ನೋಡಿದರೆ ಎದುರುಗಡೆಯೂ ಹಸಿರು ಗೇಟು. ಮಹಡಿಯ ಮೇಲೆ ಅದರ ಓನರಮ್ಮ ಬಟ್ಟೆ ಒಣಗಿಸುವುದನ್ನೂ ಮರೆತು ನಿಂತಿದ್ದರು. “ಕೇಳೋಕೆ ಇನ್ನೇನೂ ಉಳ್ದಿಲ್ಲ, ಬಂದು ಮನೆ ನೋಡ್ರೀ” ಅಂದರು.

ಎರಡು ವರ್ಷದಿಂದ ಅಲ್ಲೇ ಇದ್ದೇವೆ. ಆ ಬೀದಿಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ನಾನು ಮಂಡಿಗೆ ಹೊರಟರೆ ಅಜ್ಜಿ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾರೆ: “ಏ ಎಲ್ಡ್ ಬಕೀಟು, ಒಂಟೇನಪ್ಪಾ?”

ಸಿಟ್ಟು ತಡೆಯದ ದಿನ ಮೂರು ಬಕೆಟ್ ಸುರಿದುಕೊಳ್ಳುತ್ತೇನೆ.