ಒಂಟಿ ನಾಯಕನಿಗೆ ಹದಿನಾಲ್ಕು ನೆಂಟರು

ಮೇಷ್ಟ್ರು: ನಾನು ಬರೆದುಕೊಟ್ಟಿದ್ದು ಆರು ಹಾಳೆ. ನೀನು ಟೈಪ್ ಮಾಡಿರೋದು ಇಪ್ಪತ್ತು ಪುಟ. ಮಿಕ್ಕಿದ್ದು ಎಲ್ಲಿಂದ ಬಂತೇ?

ಹೆಂಡತಿ: ನಿಮ್ಮ ಆರು ಹಾಳೆ ಒಳಗಿಂದಲೇ ಕಣ್ರೀ. ನೀವು ಅದುಮಿಟ್ಟಿದ್ರಿ, ನಾನು ಬಿಡಿಸಿದೆ.

ಪರಭಾಷೆಯ ಕಾದಂಬರಿಗಳನ್ನು ನಮ್ಮ ಜನಕ್ಕೆ ಒಗ್ಗಿಸಿ ಬರೆಯುವುದು ಮೇಷ್ಟ್ರ ಇಪ್ಪತ್ತು ವರ್ಷದ ಹವ್ಯಾಸ. ಕೈಬರಹ ಅವರದು, ಟೈಪಿಂಗ್ ಹೆಂಡತಿಯದು. ಆಕೆಗೆ ಹಗಲೆಲ್ಲ ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೆಲಸ. ರಜೆಯ ದಿನ ಗಂಡನ ಅಕ್ಷರದ ಜೊತೆ ಗುದ್ದಾಟ. ಇವತ್ತು ಸಂಜೆ ಐದಕ್ಕೆ ಪ್ರಕಾಶಕರು ಮೊದಲ ಅಧ್ಯಾಯ ಒಯ್ಯಲು ಬರುವವರಿದ್ದರು. ಎರಡು ಗಡುವು ಆಗಲೇ ತಪ್ಪಿತ್ತು. ಇದೂ ತಪ್ಪಿದರೆ ಕಾದಂಬರಿ ಬೇರೆಯವರ ಪಾಲು ಎಂದು ಅವರು ನಗುನಗುತ್ತಲೇ ಹೇಳಿದ್ದರು. ಈಗ ಗಂಟೆ ನಾಲ್ಕೂವರೆ.

ಮೇಷ್ಟ್ರು: ಮೂಲದಲ್ಲಿ ಏನಿದೆ? ನಾಯಕನ ಕೆಲಸ ಹೋಗುತ್ತೆ. ಯಾರಿಗೂ ಹೇಳಲ್ಲ. ಕೋಣೆ ಬಾಗಿಲು ಹಾಕ್ಕೊಂಡು ಮೂರು ವಾರ ಸುಮ್ಮನೆ ಕೂರ್ತಾನೆ. ಆ ಒಂಟಿತನವೇ ಕಾದಂಬರಿಯ ಜೀವ.

ಹೆಂಡತಿ: ಮೂರು ವಾರ ಹಾಗಿರಲಿ, ನಮ್ಮಲ್ಲಿ ಮೂರು ಗಂಟೆ ಬಾಗಿಲು ಹಾಕ್ಕೊಂಡಿರಲಿ ನೋಡೋಣ. ಚಿಕ್ಕಮ್ಮ ಬಾಗಿಲು ಬಡೀತಾಳೆ. ಭಾವ ಕಿಟಕಿಯಿಂದ ಇಣುಕ್ತಾನೆ. ಎದುರುಮನೆಯವರು ಏಣಿ ತರ್ತಾರೆ.

ಮೇಷ್ಟ್ರು: ಏಣಿ ಯಾಕೆ?

ಹೆಂಡತಿ: ಅವರ ಹತ್ರ ಏಣಿ ಇದೆಯಲ್ಲ, ಅದಕ್ಕೆ.

ಮೇಷ್ಟ್ರು: ಅವನಿಗೆ ಚಿಕ್ಕಮ್ಮನೇ ಇಲ್ಲ ಕಣೇ.

ಹೆಂಡತಿ: ಅಲ್ಲಿ ಇರ್ಲಿಲ್ಲ. ಇಲ್ಲಿಗೆ ಕರ್ಕೊಂಡು ಬಂದೋರು ಯಾರು, ನೀವೇ ತಾನೇ? ಬಂದಮೇಲೆ ಚಿಕ್ಕಮ್ಮ ಬರದೆ ಬಿಡ್ತಾಳಾ? ನೀವು ಅವನ ಕೋಟು ಬಿಚ್ಚಿ ನಮ್ಮ ಅಂಗಿ ತೊಡಿಸಿದ್ದೀರಿ ಅಷ್ಟೇ. ಒಳಗಿರೋನು ಇನ್ನೂ ಅಲ್ಲೇ ನಡುಗ್ತಾ ಕೂತಿದ್ದಾನೆ.

ಮೇಷ್ಟ್ರು: ಅವನ ಜೊತೆ ಮಾತು ಬಿಟ್ಟು ಹತ್ತು ವರ್ಷ ಆದ ಅಕ್ಕನ ಕೈಲಿ ನಾಲ್ಕು ಪುಟ ಮಾತಾಡಿಸಿದ್ದೀಯಲ್ಲ, ಅದಕ್ಕೇನಂತೀಯ?

ಹೆಂಡತಿ: ಮಾತು ಬಿಟ್ಟೋರನ್ನ ನೋಡ್ಬೇಕಾದ್ರೆ ನನ್ನ ಕೌಂಟರಿಗೆ ಬನ್ನಿ. ತಮ್ಮ ವಾರ್ಡಿನಲ್ಲಿ ಮಲಗಿರ್ತಾನೆ. ಅಕ್ಕ ಬಂದು, 'ಅವನ ಮುಖ ನೋಡಲ್ಲ ಅಂತ ಆಣೆ ಇಟ್ಟಿದ್ದೀನಿ, ಇವತ್ತು ಏನಾದ್ರೂ ತಿಂದನಾ ಕೇಳಿ ಹೇಳಮ್ಮ' ಅಂತಾಳೆ. ದಿನಕ್ಕೆ ಆರು ಸಲ. ಜನ ಬಿಟ್ಟ ಮಾತೆಲ್ಲ ಬಂದು ಬೀಳೋದು ನನ್ನ ಕಿವಿಗೇ.

ಅದು ನಿಜವೆಂದು ಮೇಷ್ಟ್ರಿಗೂ ಅನ್ನಿಸಿತು. ಒಪ್ಪಿಕೊಂಡರೆ ಸೋತಂತೆ ಎಂದು ಮಾತು ತಿರುಗಿಸಿದರು.

ಮೇಷ್ಟ್ರು: ಅಧ್ಯಾಯದ ಕೊನೆಗೆ ಅವನು ಒಬ್ಬನೇ ರೈಲು ಹತ್ತಬೇಕು. ಒಬ್ಬನೇ.

ಹೆಂಡತಿ: ಹತ್ತಿಸಿದ್ದೀನಲ್ಲ.

ಮೇಷ್ಟ್ರು: ಕಳಿಸಿಕೊಡೋಕೆ ಹದಿನಾಲ್ಕು ಜನ ಬಂದಿದ್ದಾರೆ.

ಹೆಂಡತಿ: ವಾಪಸ್ ಹೋಗಿದ್ದು ಹದಿಮೂರು. ಸೀಟು ಹಿಡಿಯೋಕೆ ಅಂತ ಹತ್ತಿದ ಮಾವ ಇಳಿಯೋದ್ರೊಳಗೆ ರೈಲು ಹೊರಟುಬಿಡ್ತು.

ಅಷ್ಟರಲ್ಲಿ ಪ್ರಕಾಶಕರು ಬಂದೇಬಿಟ್ಟರು, ಹೇಳಿದ್ದಕ್ಕಿಂತ ಕಾಲು ಗಂಟೆ ಮೊದಲೇ. ಪ್ರಿಂಟರಿನ ಮೇಲಿದ್ದ ಇಪ್ಪತ್ತು ಪುಟವನ್ನು ಎತ್ತಿಕೊಂಡು ನಿಂತಲ್ಲೇ ಓದತೊಡಗಿದರು. ಮೇಷ್ಟ್ರು ತಮ್ಮ ಆರು ಹಾಳೆ ಹಿಡಿದು ಧಾವಿಸಿದರು.

ಮೇಷ್ಟ್ರು: ಅದನ್ನ ಓದಬೇಡಿ ಸ್ವಾಮಿ, ಅದು ಬರೀ ಕಸ. ಇವಳು ಕೈಗೆ ಬಂದದ್ದು ಬಡಿದಿಟ್ಟಿದ್ದಾಳೆ. ನನ್ನದು ಇಲ್ಲಿದೆ.

ಪ್ರಕಾಶಕರು ಕೈಯೆತ್ತಿ ತಡೆದರು. ಏಣಿ ಬಂದಾಗ ಹೊಟ್ಟೆ ಹಿಡಿದು ನಕ್ಕರು. ಅಕ್ಕ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಬರಹವನ್ನು ಯಾರೂ ಹೀಗೆ ನಿಂತು ಓದಿದ್ದು ಮೇಷ್ಟ್ರಿಗೆ ನೆನಪಿರಲಿಲ್ಲ.

ಪ್ರಕಾಶಕ: ಮೇಷ್ಟ್ರೇ, ಇದರಲ್ಲಿ ನಿಮ್ಮದು ಏನೂ ಇಲ್ವಾ?

ಮೇಷ್ಟ್ರು: ಒಂದಕ್ಷರ ಇಲ್ಲ. ಬೇಕಾದ್ರೆ ಬರೆದುಕೊಡ್ತೀನಿ.

ಪ್ರಕಾಶಕ: ಬೇಡ ಬೇಡ, ನೀವು ಬರೆದುಕೊಟ್ಟಿದ್ದು ಸಾಕು. ಹಾಗಾದ್ರೆ ಮುಖಪುಟಕ್ಕೆ ಒಂದೇ ಹೆಸರು, ತಾಪತ್ರಯ ಇಲ್ಲ. ಅಮ್ಮಾ, ಎರಡನೇ ಅಧ್ಯಾಯ ಯಾವಾಗ ಕೊಡ್ತೀರಿ?

ಮೇಷ್ಟ್ರು: ಅಲ್ಲ, ಒಂದಕ್ಷರ ಅಂದ್ರೆ... ಮೂಲ ವಿಚಾರ ನನ್ನದೇ...

ಪ್ರಕಾಶಕ: ಮೂಲ ವಿಚಾರ ಆ ದೇಶದವನದು ಮೇಷ್ಟ್ರೇ.

ಹೆಂಡತಿ ಗಂಡನ ಮುಖ ನೋಡಿದಳು. ಅಯ್ಯೋ ಅನ್ನಿಸಿತು, ನಿಜ. ಆದರೆ ಬಿಟ್ಟುಕೊಡುವಷ್ಟು ಅನ್ನಿಸಲಿಲ್ಲ.

ಹೆಂಡತಿ: ಮುಂದಿನ ತಿಂಗಳು ತಗೊಳ್ಳಿ ಸರ್. ನನಗೆ ಡ್ಯೂಟಿ ಇರುತ್ತೆ, ಬರೆದಿಟ್ಟು ಹೋಗ್ತೀನಿ. ಇವರು ಟೈಪ್ ಮಾಡ್ತಾರೆ.

ಮೇಷ್ಟ್ರು: ನಾನಾ? ನನಗೆ ಟೈಪಿಂಗ್ ಬರಲ್ವಲ್ಲೇ.

ಹೆಂಡತಿ: ಕಲೀರಿ. ನನಗೂ ಬರೆಯೋಕೆ ಬರ್ತಿರ್ಲಿಲ್ಲ. ಇಪ್ಪತ್ತು ವರ್ಷ ನಿಮ್ಮದನ್ನ ಟೈಪ್ ಮಾಡಿ, ಹೇಗೆ ಬರೀಬಾರದು ಅಂತ ಕಲಿತೆ.