ಹಿತ್ತಲಿನ ಹೊಟ್ಟೆ

ಒಂದು ಅಗುಳೂ ದಂಡವಾಗಬಾರದು, ಆ ಒಲೆಯ ಉರಿ ಒಂದು ದಿನವೂ ಆರಬಾರದು. ಇದು ನಾನು ತೀರಿಹೋದ ಗೆಳೆಯನ ಅಡುಗೆಮನೆಯಲ್ಲಿ, ನೆಂಟರಿಷ್ಟರ ಎದುರು, ಎದೆ ಮುಟ್ಟಿಕೊಂಡು ಮಾಡಿದ ಘನಘೋರ ಪ್ರತಿಜ್ಞೆ. ಇಂಥ ಪ್ರತಿಜ್ಞೆಗಳನ್ನು ಬ್ರಹ್ಮಚಾರಿಗಳು ಮಾಡಬೇಕು, ದಕ್ಕುತ್ತದೆ. ನನಗೆ ಹೆಂಡತಿ ಇದ್ದಾಳೆ.

"ಮೊದಲು ಚಪ್ಪಲಿ ಎಲ್ಲಿ ಬಿಟ್ಟಿದ್ದೀರಿ ಅಂತ ನೆನಪಿಟ್ಕೊಳ್ಳಿ. ಉರಿ ಆಮೇಲೆ ಕಾಯೋರಂತೆ," ಎಂದಳು ಪಕ್ಕದಲ್ಲೇ ನಿಂತು.

ಗೆಳೆಯ ಕಾರು ರಿಪೇರಿ ಮಾಡುತ್ತಿದ್ದವನು. ಎಲ್ಲರೂ ಅವನನ್ನು ಗ್ಯಾರೇಜು ಎಂದೇ ಕರೆಯುತ್ತಿದ್ದೆವು. ಇಡೀ ಜೀವಮಾನ ಪೆಟ್ರೋಲಿನಲ್ಲಿ ಕೈ ಅದ್ದಿಕೊಂಡಿದ್ದವನಿಗೆ ಪೆಟ್ರೋಲು ಮುಗಿದುಹೋಗುತ್ತದೆಂಬ ಚಿಂತೆ. ನಾನು ಗ್ರಂಥಾಲಯದವನು, ನನಗೆ ಚಿಂತೆ ಇರಲಿಲ್ಲ, ಓದು ಇತ್ತು. ಸಂಜೆ ಅವನ ಅಡುಗೆಮನೆಯಲ್ಲಿ ಕೂತು ಜಲಜನಕದಿಂದ ಓಡುವ ಕಾರು, ಚಾವಣಿಯ ಬಿಸಿಲನ್ನೇ ಉಂಡು ಬದುಕುವ ಮನೆ, ಸಮುದ್ರದ ಅಲೆಯನ್ನು ಹಿಂಡಿ ತೆಗೆಯುವ ವಿದ್ಯುತ್ತು ಎಂದು ಒಂದೊಂದನ್ನೇ ವಿವರಿಸುತ್ತಿದ್ದೆ. ಅವನು ಕೇಳುವಷ್ಟು ಕೇಳಿ, "ನೀನು ಓದ್ತಿರು, ನಾನು ಟೀಗಿಡ್ತೀನಿ," ಎಂದು ಏಳುತ್ತಿದ್ದ.

ಆ ಟೀ ಕುದಿಯುತ್ತಿದ್ದುದು ಹಿತ್ತಲಿನ ಅನಿಲದಿಂದ. ಒಂದು ದೊಡ್ಡ ಕಪ್ಪು ಟ್ಯಾಂಕು, ಅದರೊಳಗೆ ಬೋರಲು ಹಾಕಿದ ಇನ್ನೊಂದು. ಸಿಪ್ಪೆ, ಮಿಕ್ಕಿದ ಊಟ ಹಾಕಿದರೆ ಒಳಗೆ ಕೊಳೆತು ಅನಿಲವಾಗುತ್ತಿತ್ತು. ಬೋರಲು ಟ್ಯಾಂಕು ಉಬ್ಬಿ ಮೇಲೇಳುತ್ತಿತ್ತು, ಅನಿಲ ಕೊಳವೆಯಲ್ಲಿ ಹರಿದು ಒಲೆಗೆ ಬರುತ್ತಿತ್ತು. "ಇವತ್ತು ಒಲೆ, ನಾಳೆ ಮನೆ ದೀಪ, ನಾಡಿದ್ದು ಕಾರು," ಎನ್ನುತ್ತಿದ್ದ. "ಆದರೆ ಇದು ಯಂತ್ರ ಅಲ್ಲ ಕಣೋ, ಹೊಟ್ಟೆ." ಅವನ ಮಾತಿನ ವರಸೆಯೇ ಹಾಗೆ ಎಂದು ನಾನು ನಕ್ಕು ಟೀ ಕುಡಿದಿದ್ದೆ.

ಅವನು ಹೋದ. ಗ್ಯಾರೇಜಿನಲ್ಲಿ ಯಾರದೋ ಕಾರಿನ ಬಾನೆಟ್ಟು ಎತ್ತಿದ್ದು ಎತ್ತಿದಂತೆಯೇ ಇತ್ತು.

ಅವನ ಹೆಂಡತಿಯ ಅಣ್ಣ ವ್ಯವಹಾರಸ್ಥ. ಬಂದವರೆಲ್ಲ ಅಳುತ್ತಿರುವಾಗ ಆತ ಹಿತ್ತಲನ್ನು ಅಳೆಯುತ್ತಿದ್ದ. "ಈ ಟ್ಯಾಂಕನ್ನ ಇನ್ನು ಯಾರು ನೋಡ್ಕೊಳ್ತಾರೆ? ಗುಜರಿಗೆ ಹಾಕೋಣ," ಎಂದ. ಗೆಳೆಯನ ಹೆಂಡತಿ, ನನಗೆ ಅತ್ತಿಗೆ, ಗೋಡೆ ನೋಡುತ್ತ ಕೂತಿದ್ದರು. ಗೆಳೆಯ ಬಿಟ್ಟುಹೋದ ವಸ್ತುಗಳಲ್ಲಿ ಇನ್ನೂ ಉಸಿರಾಡುತ್ತಿದ್ದುದು ಅದೊಂದೇ. ಆಗಲೇ ನಾನು ಎದೆ ಮುಟ್ಟಿಕೊಂಡಿದ್ದು.

"ಆಯ್ತು ಸ್ವಾಮಿ, ನೀವೇ ನೋಡ್ಕೊಳ್ಳಿ. ಆದರೆ ವಾಸನೆ ಬಂದ ದಿನ ಎತ್ತಿಸಿಬಿಡ್ತೀನಿ," ಎಂದ ಅಣ್ಣ.

ಮೇವಿಗೇನೂ ಕೊರತೆ ಇರಲಿಲ್ಲ. ಬಂದವರೆಲ್ಲ ಊಟದ ಡಬ್ಬಿ ತಂದರು. ಎದುರುಮನೆಯ ಟೀಚರು ತಂದರು, ಗ್ಯಾರೇಜಿನ ಹಳೆಯ ಗಿರಾಕಿಗಳು ತಂದರು, ಅತ್ತಿಗೆಯ ಹತ್ತಿರ ಹೊಲಿಗೆ ಕಲಿತವರು ತಂದರು. ಫ್ರಿಜ್ಜಿನ ಬಾಗಿಲು ಮುಚ್ಚಲು ಮಂಡಿ ಕೊಡಬೇಕಾಯಿತು. ಎಲ್ಲರದ್ದೂ ಒಂದೇ ಮಾತು: "ನಮಗೋಸ್ಕರ ಒಂದು ತುತ್ತು ತಿನ್ನಿ." ಅತ್ತಿಗೆ ಅವರಿಗೋಸ್ಕರ ಒಂದು, ಇವರಿಗೋಸ್ಕರ ಒಂದು ಎಂದು ಬಾಯಿಗಿಟ್ಟುಕೊಂಡು, ನುಂಗಲಾರದೆ ಕೂತಿರುತ್ತಿದ್ದರು. ಅವರಿಗೆಂದು ಬೇಯಿಸಿದ್ದು ಯಾವುದೂ ಅವರ ಹೊಟ್ಟೆಗೆ ಹೋಗುತ್ತಿರಲಿಲ್ಲ. ಉಳಿದದ್ದನ್ನೆಲ್ಲ ನಾನು ಬಕೆಟ್ಟಿನಲ್ಲಿ ಹೊತ್ತು ಟ್ಯಾಂಕಿಗೆ ಸುರಿದೆ. ಅನುಕಂಪದಿಂದ ಅನಿಲ! ಯಾವ ಪುಸ್ತಕದಲ್ಲೂ ಇಲ್ಲದ ಇಂಧನ.

ಮೊದಮೊದಲು ಉರಿ ಮೊಳದುದ್ದ ಎದ್ದಿತು. ಇಷ್ಟಕ್ಕೇ ಇಷ್ಟು ಉರಿಯಾದರೆ ಇನ್ನಷ್ಟು ಹಾಕಿದರೆ? ಓದಿದವರ ತಲೆಗೆ ಇಂಥ ಪ್ರಶ್ನೆಗಳು ಬೇಗ ಬರುತ್ತವೆ. ಗ್ರಂಥಾಲಯದ ಪಕ್ಕದ ಕ್ಯಾಂಟೀನಿನ ಎಂಜಲು ಕೇಳಿದೆ. ಜ್ಯೂಸ್ ಅಂಗಡಿಯಿಂದ ಒಂದು ಮೂಟೆ ನಿಂಬೆ, ಕಿತ್ತಳೆ ಸಿಪ್ಪೆ ತಂದೆ. ದಾರಿಯಲ್ಲಿ ನಾಯಿಯೊಂದು ಅಡ್ಡ ಬಂದಿತೆಂದು ಕಾರಿಗೆ ಬ್ರೇಕು ಹಾಕಿದಾಗ ಕ್ಯಾಂಟೀನಿನ ಬಕೆಟ್ಟು ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಬಡ್ತಿ ಪಡೆಯಿತು. ಮುಂದಿನ ಸೀಟಿನಲ್ಲಿ ನನ್ನ ಹೆಂಡತಿ ಇದ್ದಳು.

ಅವಳು ಕಿವಿಯ ಮೇಲಿನ ಹುರುಳಿಕಾಯಿಯ ಚೂರನ್ನು ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟು, ನಿಧಾನವಾಗಿ ಹೇಳಿದಳು: "ಕಸದಿಂದ ಕಾರು ಓಡಬೇಕು ಅಂತ ಹೇಳಿದ್ರು ನಿಮ್ಮ ಸ್ನೇಹಿತರು. ಕಾರಲ್ಲಿ ಕಸ ಓಡಾಡಬೇಕು ಅಂತ ಅಲ್ಲ."

ಅದಾದ ಮೇಲೆ ಉರಿ ಸಣ್ಣಗಾಗತೊಡಗಿತು. ಬೋರಲು ಟ್ಯಾಂಕು ಉಬ್ಬುತ್ತಿತ್ತು, ಆದರೆ ಬರುವ ಅನಿಲಕ್ಕೆ ಕಡ್ಡಿ ಗೀರಿದರೆ ಕಡ್ಡಿಯೇ ಆರುತ್ತಿತ್ತು. ಹುಳಿ ವಾಸನೆ ಎದ್ದು ಕಾಂಪೌಂಡು ಹತ್ತಿ ಎದುರುಮನೆಗೆ ಹೋಯಿತು. ಟೀಚರು ಬಂದು ಸೆರಗಿನಿಂದ ಮೂಗು ಮುಚ್ಚಿಕೊಂಡೇ, "ಅವರಿದ್ದಾಗ ಹೀಗಿರಲಿಲ್ಲ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತು ತಡೆಯಲಾಗಲಿಲ್ಲ.

ವಾಸನೆಯ ಸುದ್ದಿ ಅಣ್ಣನಿಗೂ ಮುಟ್ಟಿತು. "ಭಾನುವಾರ ಗುಜರಿಯವನು ಬರ್ತಾನೆ," ಎಂದು ಫೋನಿಟ್ಟ.

ನಾನು ಗ್ರಂಥಾಲಯದ ಒಂದು ಕಪಾಟನ್ನೇ ಓದಿ ಮುಗಿಸಿದೆ. ಒಳಗೆ ಹುಳಿ ಹೆಚ್ಚಾಗಿದೆ ಎಂದು ತಿಳಿಯಿತು. ಓಡಿದೆ ಔಷಧಿ ಅಂಗಡಿಗೆ.

"ಅಜೀರ್ಣಕ್ಕೆ ಏನಾದ್ರೂ ಕೊಡಿ."

"ಯಾರಿಗೆ ಸಾರ್? ವಯಸ್ಸೆಷ್ಟು?"

"ಆರು ವರ್ಷ."

"ಪಾಪ, ಮಗು. ಏನು ತಿಂದಿತ್ತು?"

"ಒಂದು ಬಕೆಟ್ ಅನ್ನ, ಒಂದು ಮೂಟೆ ನಿಂಬೆ ಸಿಪ್ಪೆ."

ಅಂಗಡಿಯವನು ಕನ್ನಡಕ ತೆಗೆದು ನನ್ನನ್ನು ನೋಡಿದ. "ಸಾರ್, ನೀವು ಮೊದಲು ಕೂತ್ಕೊಳ್ಳಿ. ಮನೆಯಿಂದ ಯಾರನ್ನಾದ್ರೂ ಕರೆಸ್ಲಾ?"

ಕೊನೆಗೆ ದಿನಸಿ ಅಂಗಡಿಯಲ್ಲಿದ್ದ ಅಡುಗೆ ಸೋಡದ ಪೊಟ್ಟಣಗಳನ್ನೆಲ್ಲ ಬಾಚಿಕೊಂಡು ಭಾನುವಾರ ಬೆಳಿಗ್ಗೆ ಹಿತ್ತಲಿಗೆ ಹೋದೆ. ಸ್ವಲ್ಪಸ್ವಲ್ಪವೇ ಹಾಕಬೇಕೆಂದು ಪುಸ್ತಕದಲ್ಲಿತ್ತು. ಆದರೆ ಪುಸ್ತಕ ಬರೆದವನ ಮನೆಗೆ ಅಂದು ಗುಜರಿಯವನು ಬರುತ್ತಿರಲಿಲ್ಲ. ಅಷ್ಟನ್ನೂ ಒಂದೇ ಸಲಕ್ಕೆ ಸುರಿದೆ. ಅದೇ ಹೊತ್ತಿಗೆ ಬಿಳಿ ಪ್ಯಾಂಟು ಬಿಳಿ ಶರಟಿನಲ್ಲಿ ಬಂದ ಅಣ್ಣ, "ಏನು ಮಾಡ್ತಿದ್ದೀರಿ ಸ್ವಾಮಿ?" ಎಂದು ಟ್ಯಾಂಕಿನ ಮೇಲೆ ಬಗ್ಗಿದ.

ಹುಳಿಗೆ ಸೋಡ ಬಿದ್ದರೆ ಏನಾಗುತ್ತದೆಂದು ಅಡುಗೆಮನೆ ಬಲ್ಲ ಯಾರಿಗಾದರೂ ಗೊತ್ತು. ಒಳಗಿನಿಂದ ಒಂದು ಗುಡುಗುಡು. ಬೋರಲು ಟ್ಯಾಂಕು ವಾಲಿ ನಮಸ್ಕಾರ ಮಾಡಿತು. ನೊರೆ ಎದ್ದಿತು. ಹಾಲು ಉಕ್ಕಿದಂತೆ ಅಲ್ಲ, ಊರು ಉಕ್ಕಿದಂತೆ. ಬಿಳಿಯ ಅಣ್ಣ ಕಣ್ಣೆದುರೇ ಬೂದು ಬಣ್ಣದವನಾದ. ಅವನ ಜೇಬಿನಿಂದ ಒಂದು ಕಿತ್ತಳೆ ಸಿಪ್ಪೆ ಇಣುಕಿತು.

ಸದ್ದಿಗೆ ಅತ್ತಿಗೆ ಹೊರಗೆ ಬಂದರು. ಗೆಳೆಯ ಹೋದ ಮೇಲೆ ಅವರು ಹಿತ್ತಲಿಗೆ ಕಾಲಿಟ್ಟಿದ್ದು ಅದೇ ಮೊದಲು. ಅಣ್ಣನನ್ನು ನೋಡಿದರು, ನನ್ನನ್ನು ನೋಡಿದರು, ಒಗೆಯುವ ಕಲ್ಲಿನ ಮೇಲೆ ಕೂತರು.

"ಏನೇನು ಹಾಕಿದ್ರಿ?"

ಹೇಳಿದೆ.

"ಬಂದಿದ್ದ ಅಷ್ಟೂ ಊಟಾನಾ?"

"ಅಷ್ಟೂ ಅತ್ತಿಗೆ. ಪ್ರೀತಿಯಿಂದ."

"ಪ್ರೀತಿಯಿಂದಲೇ ಹಾಕಿರ್ತೀರಿ. ಅದಕ್ಕೇ ಹೀಗಾಗಿರೋದು." ಅವರ ದನಿ ನಡುಗಿತು. ಅಳುತ್ತಾರೆಂದು ಹೆದರಿದೆ. ನಗುತ್ತಿದ್ದರು. "ನಿಮ್ಮ ಸ್ನೇಹಿತರೂ ಹೊಸದರಲ್ಲಿ ಹೀಗೇ ತುರುಕಿದ್ರು. ಆಮೇಲೆ ನಾನೇ ಟ್ಯಾಂಕಿನ ಬಾಯಿ ಮುಚ್ಚಿ ಕಲ್ಲಿಟ್ಟು, ಅರಗೋ ತನಕ ಯಾರೂ ಮುಟ್ಟಬೇಡಿ ಅಂದೆ. ತಾನಾಗೇ ಸರಿಹೋಯ್ತು."

"ಮತ್ತೆ ಗುಜರಿಯವನು ಬರ್ತಾನಲ್ಲ?" ಎಂದ ಅಣ್ಣ, ನೊರೆಯೊಳಗಿಂದ.

"ಬರಲಿ ಅಣ್ಣ. ನಿನ್ನನ್ನ ನೋಡಿ ಏನಾದ್ರೂ ಬೆಲೆ ಹೇಳ್ತಾನೇನೋ." ಆಮೇಲೆ ನನ್ನ ಕಡೆ ತಿರುಗಿದರು. ನಗು ನಿಂತಿತ್ತು. "ಡಬ್ಬಿ ತರೋರಿಗೆಲ್ಲ ಒಂದು ಮಾತು ಹೇಳಿಬಿಡಿ. ಸ್ವಲ್ಪ ದಿನ ಯಾರೂ ಏನೂ ತರೋದು ಬೇಡ. ಇದಕ್ಕೂ, ನನಗೂ."

ಯಾರೂ ತರಲಿಲ್ಲ. ನಾನು ಆ ಬೀದಿಗೇ ಹೋಗಲಿಲ್ಲ. ಹಾಕದೆ ಇರುವುದು ಹಾಕುವುದಕ್ಕಿಂತ ಕಷ್ಟದ ಕೆಲಸ. ಮನೆಯಲ್ಲಿ ಹೆಂಡತಿ ತರಕಾರಿ ಹೆಚ್ಚುವಾಗ ಸಿಪ್ಪೆ ನೋಡುತ್ತ ನಿಂತಿರುತ್ತಿದ್ದೆ.

ಆಮೇಲೊಂದು ಸಂಜೆ ಅತ್ತಿಗೆಯ ಫೋನು. "ಇಬ್ಬರೂ ಟೀಗೆ ಬನ್ನಿ. ಬರಿಗೈಲಿ ಬನ್ನಿ."

ಬಾಗಿಲಲ್ಲಿ ಹೆಂಡತಿ ನನ್ನ ಚೀಲ ಇಸಿದುಕೊಂಡು ಬೋರಲು ಹಾಕಿ ನೋಡಿಯೇ ಬಿಟ್ಟಳು.

ಒಲೆಯ ಮೇಲೆ ನೀಲಿ ಉರಿ, ಸಣ್ಣಗೆ, ಸದ್ದಿಲ್ಲದೆ. ಗೆಳೆಯ ಕೂರುತ್ತಿದ್ದ ಸ್ಟೂಲಿನ ಮೇಲೆ ಯಾರೂ ಕೂರಲಿಲ್ಲ. ನನಗೆ ಜಲಜನಕದ ನೆನಪೂ ಬರಲಿಲ್ಲ. ಟೀ ಆದ ಮೇಲೆ ಅತ್ತಿಗೆ ತಟ್ಟೆಯಿಂದ ಒಂದು ಬಾಳೆಹಣ್ಣು ತೆಗೆದುಕೊಂಡು, ಯಾರೂ ಹೇಳದೆ, ಯಾರಿಗೋಸ್ಕರವೂ ಅಲ್ಲದೆ, ಇಡಿಯಾಗಿ ತಿಂದರು. ಸಿಪ್ಪೆಯನ್ನು ನನ್ನ ಕೈಗಿಟ್ಟರು.

"ತಗೊಳ್ಳಿ. ಇವತ್ತಿಗೆ ಇಷ್ಟೇ."

ಎರಡೂ ಕೈಯಲ್ಲಿ ಹಿಡಿದು ಹಿತ್ತಲಿಗೆ ಹೊರಟೆ. ಅಭ್ಯಾಸಬಲದಿಂದ ಒಂದು ಕೈ ಎದೆಯ ಕಡೆ ಹೋಗುತ್ತಿತ್ತು. ಹಿಂದಿನಿಂದ ಹೆಂಡತಿಯ ದನಿ ಬಂತು:

"ರೀ, ಪ್ರತಿಜ್ಞೆ ಗಿತಿಜ್ಞೆ ಏನೂ ಬೇಡ. ಹಾಕಿ ಬನ್ನಿ."